ಮೇಜಿನ ಕೆಳಗಿನ ಶಾಲೆ

ಸೆಪ್ಟೆಂಬರ್ 6

ಅತ್ತೆಯವರಿಗೆ ನಮಸ್ಕಾರ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಓದುವಾಗ ನೀವು ಎದೆ ಹಿಡಿದುಕೊಳ್ಳುವುದಿಲ್ಲ ಎಂದು ನಿಮ್ಮ ಮಗ ಹೇಳಿದರು. ನಿಜವಾಗಿ ಈ ಪತ್ರವನ್ನು ಅವರೇ ಬರೆಯಬೇಕಿತ್ತು. ಹೋದ ಭಾನುವಾರ ಫೋನಿನಲ್ಲಿ ಹೇಳಿಯೇಬಿಡುತ್ತೇನೆ ಎಂದು ಕೂತವರು ನಿಮ್ಮ ಮಂಡಿನೋವು ವಿಚಾರಿಸಿ, ನಿಮ್ಮ ಪಕ್ಕದ ಮನೆಯವರ ಬೆಕ್ಕನ್ನೂ ವಿಚಾರಿಸಿ, ಫೋನ್ ಇಟ್ಟುಬಿಟ್ಟರು. ಇಡೀ ರೈಲಿಗೆ ಬಾವುಟ ತೋರಿಸುವ ಗಾರ್ಡು, ಹೆತ್ತ ತಾಯಿಯ ಮುಂದೆ ಒಂದು ಮಾತನ್ನು ಹೊರಡಿಸಲಾರರು. "ನೀನೇ ಬರಿ, ನಿನ್ನ ಅಕ್ಷರ ಚೆನ್ನಾಗಿದೆ" ಎಂದರು. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಎಂಬುದು ನಿಮಗೂ ಗೊತ್ತು, ಅವರಿಗೂ ಗೊತ್ತು.

ವಿಷಯ ಇಷ್ಟೇ. ಅವಳಿಗಳನ್ನು ಶಾಲೆ ಬಿಡಿಸಿದ್ದೇನೆ. ಬೇರೆ ಶಾಲೆಗೆ ಸೇರಿಸುವುದಕ್ಕಲ್ಲ. ಮನೆಯಲ್ಲೇ ಕಲಿಸಬೇಕೆಂದು.

ಈಗ ನೀವು ಕನ್ನಡಕ ತೆಗೆದು ಪಕ್ಕಕ್ಕಿಟ್ಟಿರುತ್ತೀರಿ. ದಯವಿಟ್ಟು ಮತ್ತೆ ಹಾಕಿಕೊಳ್ಳಿ, ಹೇಳುವುದು ಇನ್ನೂ ಇದೆ.

ಹೋದ ವರ್ಷ ಇಬ್ಬರೂ ಒಂದೇ ತರಗತಿಯಲ್ಲಿದ್ದರಲ್ಲ, ಆಗ ಹಾಜರಿ ಕೂಗಿದರೆ ನಮ್ಮ ಚಿನಕುರುಳಿಯೇ ಎದ್ದು ನಿಂತು, "ಹಾಜರ್ ಟೀಚರ್, ಅವನೂ ಹಾಜರ್" ಎನ್ನುತ್ತಿದ್ದಳಂತೆ. ಅವನಿಗೆ ಬಾಯಾರಿದರೆ ಇವಳು ಕೇಳುವುದು, ಅವನ ಪೆನ್ಸಿಲ್ ಮುರಿದರೆ ಇವಳು ಹೇಳುವುದು. ಹೀಗಾದರೆ ಹುಡುಗ ಬಾಯಿ ಬಿಡುವುದು ಯಾವಾಗ ಎಂದು ಈ ವರ್ಷ ಇಬ್ಬರನ್ನೂ ಬೇರೆ ಬೇರೆ ಕೋಣೆಗೆ ಹಾಕಿದರು. ಒಳ್ಳೆಯದಕ್ಕೇ ಮಾಡಿದರು, ನಾನು ದೂರುವುದಿಲ್ಲ. ಆದರೆ ಆವತ್ತಿನಿಂದ ಗುಮ್ಮಣ್ಣ ಆ ಕೋಣೆಯಲ್ಲಿ ಒಂದೇ ಒಂದು ಮಾತು ಆಡಿಲ್ಲ. ನೀವು ಪ್ರೀತಿಯಿಂದ ಇಟ್ಟ ಅಡ್ಡಹೆಸರು, ಈಗ ಅವನಿಗೆ ಅಂಟಿಕೊಂಡಂತಾಗಿದೆ. ಅವನ ಟೀಚರು ನನ್ನನ್ನು ಕರೆಸಿ, ಬೇಜಾರು ಮಾಡ್ಕೋಬೇಡಿ ಎಂದು ಮೊದಲೇ ಹೇಳಿ, "ನಿಮ್ಮ ಮಗನಿಗೆ ಮಾತು ಬರುತ್ತಾ?" ಎಂದು ಕೇಳಿದರು. ಮನೆಯಲ್ಲಿ ನನ್ನ ಹೊಲಿಗೆ ಮಿಷನ್ನಿನ ಪಕ್ಕ ಕೂತು, ಮಿಷನ್ನಿಗಿಂತ ಹೆಚ್ಚು ಸದ್ದು ಮಾಡುವ ಮಗು ಅವನು. ಡಾಕ್ಟರು ಕಿವಿ, ಗಂಟಲು ಎಲ್ಲ ನೋಡಿದರು. ಎಲ್ಲ ಸರಿಯಾಗಿದೆ, ಹೊರಗಿನವರ ಮುಂದೆ ಗಂಟಲು ಕಟ್ಟಿಬಿಡುತ್ತದೆ, ಒತ್ತಾಯ ಮಾಡಬೇಡಿ, ಸಮಯ ಕೊಡಿ ಎಂದರು.

ಹೋದ ವಾರ ಅವನು ಒದ್ದೆ ಚಡ್ಡಿಯಲ್ಲಿ ಮನೆಗೆ ಬಂದ. ಹೊರಗೆ ಹೋಗಬೇಕೆಂದು ಕೇಳಲಾಗದೆ ಗಂಟೆ ಹೊಡೆಯುವ ತನಕ ಹಾಗೇ ಕೂತಿದ್ದನಂತೆ. ಚಿನಕುರುಳಿ ತನ್ನ ಸ್ವೆಟರ್ ಬಿಚ್ಚಿ ಅವನ ಸೊಂಟಕ್ಕೆ ಕಟ್ಟಿ, ಕೈ ಹಿಡಿದುಕೊಂಡು ಬಂದಿದ್ದಳು. ಯಾರಾದರೂ ನಕ್ಕರಾ ಎಂದು ಕೇಳಿದೆ. ಅವಳು ಉತ್ತರ ಕೊಡಲಿಲ್ಲ. ಅತ್ತೆ, ಅವಳು ಒಂದು ಪ್ರಶ್ನೆಗೆ ಉತ್ತರ ಕೊಡದೆ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆ ಕ್ಷಣಕ್ಕೆ ನಿರ್ದಾರ ಆಗಿಹೋಯಿತು.

ಶಿಕ್ಷಣ ಕಚೇರಿಗೆ ಹೋಗಿ ಕೇಳಿ ಬಂದಿದ್ದೇನೆ. ಮನೆಯಲ್ಲಿ ಕಲಿಸಬಹುದು. ಅವರ ಕಡೆಯವರು ಬಂದು ಮಕ್ಕಳನ್ನು ಓದಿಸಿ ನೋಡುತ್ತಾರೆ. ಸರಿಯಿದ್ದರೆ ಮುಂದುವರಿಸಬಹುದು, ಇಲ್ಲದಿದ್ದರೆ ಮತ್ತೆ ಶಾಲೆಗೇ ಕಳಿಸಬೇಕು.

ನೀವು ಬೈಯುತ್ತೀರಿ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಬೇರೆಯವರಿಂದ ನಿಮಗೆ ತಿಳಿಯಬಾರದು.

ನಿಮ್ಮ ಸೊಸೆ


ಸೆಪ್ಟೆಂಬರ್ 14

ಸೊಸೆಗೆ,

ನಿನ್ನ ಪತ್ರ ತಲುಪಿತು. ಕೆಂಪು ಶಾಯಿಯಲ್ಲಿ ತಿದ್ದಿ ಇದರ ಜೊತೆಗೇ ವಾಪಸು ಕಳಿಸುತ್ತಿದ್ದೇನೆ. 'ನಿರ್ಧಾರ'ಕ್ಕೆ ಮಹಾಪ್ರಾಣ ಬೇಕು. ಮಹಾಪ್ರಾಣ ಬಿಟ್ಟು ನಿರ್ಧಾರ ಮಾಡಿದರೆ ಹೀಗೇ ಆಗುವುದು.

ಮಗುವಿಗೆ ಆದದ್ದನ್ನು ಓದಿ ಸಂಕಟವಾಯಿತು. ಆ ಟೀಚರು ಅವನ ಮುಖ ನೋಡಿಯಾದರೂ ತಿಳಿದುಕೊಳ್ಳಬೇಕಿತ್ತು. ಆದರೆ ಒಂದು ಕೋಣೆಯ ತುಂಬ ಮಕ್ಕಳನ್ನಿಟ್ಟುಕೊಂಡು ಎಲ್ಲರ ಮುಖ ನೋಡುವುದು ಎಂದರೇನು ಎಂಬುದು ನನಗೆ ಗೊತ್ತು, ನಿನಗೆ ಗೊತ್ತಿಲ್ಲ. ಟೀಚರನ್ನು ಮತ್ತೊಮ್ಮೆ ಕಾಣಬಹುದಿತ್ತು. ಬೆಂಚು ಬದಲಾಯಿಸಿ ಎಂದು ಕೇಳಬಹುದಿತ್ತು. ನೀನು ನೆಗಡಿಯಾಯಿತೆಂದು ಮೂಗನ್ನೇ ಕೊಯ್ದಿದ್ದೀಯ.

ನನ್ನ ಅರ್ಧ ಆಯುಷ್ಯ ಶಾಲೆಯಲ್ಲಿ ಕಳೆಯಿತು. ಅಳುತ್ತಾ ಬಂದ ಮಕ್ಕಳು, ಕಚ್ಚುತ್ತಾ ಬಂದ ಮಕ್ಕಳು, ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಬರಲಾರೆ ಎಂದ ಮಕ್ಕಳು, ಎಲ್ಲರನ್ನೂ ನೋಡಿದ್ದೇನೆ. ಜೊತೆಗಿರುವ ಮಕ್ಕಳನ್ನು ನೋಡಿಯೇ ಅವರು ಸರಿಹೋದರು. ಮನೆಯಲ್ಲಿಟ್ಟರೆ ಗುಮ್ಮಣ್ಣ ಯಾರನ್ನು ನೋಡಿ ಕಲಿಯಬೇಕು? ನಿನ್ನ ಕತ್ತರಿಯನ್ನೇ? ಚಿನಕುರುಳಿಗೆ ಗೆಳತಿಯರು ಬೇಡವೇ? ಅವಳನ್ನು ಯಾಕೆ ಬಿಡಿಸಿದೆ?

ಮತ್ತು ಒಂದು ಮಾತು, ನಿಷ್ಠುರವೆನಿಸಿದರೂ ಹೇಳುತ್ತೇನೆ. ಕಲಿಸುವುದು ಒಂದು ವಿದ್ಯೆ. ಅದಕ್ಕೆ ತರಬೇತಿ ಬೇಕು. ಹತ್ತನೇ ತರಗತಿಗೇ ಪುಸ್ತಕ ಮುಚ್ಚಿಟ್ಟವಳು ಇನ್ನೊಬ್ಬರಿಗೆ ಏನನ್ನು ತೆರೆದು ತೋರಿಸುತ್ತಾಳೆ?

ನನ್ನ ಮಗನಿಗೆ ಹೇಳು, ಬಾವುಟ ಮಡಿಸಿಟ್ಟು ತಾಯಿಗೊಂದು ಪತ್ರ ಬರೆಯುವುದನ್ನು ಕಲಿಯಲಿ.

ಮುಖ್ಯೋಪಾಧ್ಯಾಯಿನಿ (ನಿವೃತ್ತ)


ಅಕ್ಟೋಬರ್ 2

ಅಮ್ಮ,

ಬಾವುಟ ಮಡಿಸಿಟ್ಟು ಬರೆಯುತ್ತಿದ್ದೇನೆ. ಇದು ಗಾರ್ಡುಗಳ ವಿಶ್ರಾಂತಿ ಕೋಣೆ. ಪಕ್ಕದ ಮಂಚದಲ್ಲಿ ಒಬ್ಬರು ಇಂಜಿನ್ನಿನಂತೆ ಗೊರಕೆ ಹೊಡೆಯುತ್ತಿದ್ದಾರೆ, ಆದ್ದರಿಂದ ತಪ್ಪುಗಳಿದ್ದರೆ ಅವರದು.

ನಿನ್ನ ಪತ್ರ ಬಂದ ಮೇಲೆ ಇವಳು ನಿನ್ನ ಮೇಲೆ ಒಂದು ಮಾತೂ ಆಡಿಲ್ಲ. ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆ ಪತ್ರವನ್ನು ಓದಿದಳು, ಮಡಿಸಿದಳು, ಎದ್ದು ಹೋಗಿ ಯಾರದೋ ಪ್ಯಾಂಟಿನ ಹೊಲಿಗೆಯನ್ನೆಲ್ಲ ಬಿಚ್ಚಿ ಮತ್ತೆ ಹೊಲಿದಳು. ಚೆನ್ನಾಗಿಯೇ ಇದ್ದ ಪ್ಯಾಂಟು ಅಮ್ಮ. ನಿನಗೆ ಪತ್ರ ಬರಿ ಎಂದರೆ, "ತಪ್ಪಿಲ್ಲದೆ ಬರೆಯೋಕೆ ಬಂದಾಗ ಬರೀತೀನಿ" ಎನ್ನುತ್ತಾಳೆ.

ನಾನು ಯಾರ ಪಕ್ಷ ಎಂದು ನೀನು ಕೇಳುತ್ತೀಯ. ನಾನು ಗಾರ್ಡು, ರೈಲಿನ ಹಿಂದೆ ಇರುವವನು. ಮುಂದೆ ಇರುವುದು ಅವಳು. ಆದರೆ ಕಣ್ಣಾರೆ ಕಂಡದ್ದು ಒಂದು ಹೇಳುತ್ತೇನೆ. ನೆನ್ನೆ ಬೆಳಿಗ್ಗೆ ನಾನು ಡ್ಯೂಟಿ ಮುಗಿಸಿ ಬಂದಾಗ ಗುಮ್ಮಣ್ಣ ಇನ್ನೂ ಮಲಗಿದ್ದ. ಮೊದಲೆಲ್ಲ ಆ ಹೊತ್ತಿಗೆ ಎದ್ದು, ಶೂ ಹಾಕಿಕೊಂಡು, ಬಾಗಿಲ ಹಿಂದೆ ಅಡಗಿ ನಿಂತಿರುತ್ತಿದ್ದ. ನೆನ್ನೆ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದ. ನಾನು ಅವನ ಪಕ್ಕ ಸುಮ್ಮನೆ ಕೂತಿದ್ದೆ.

ನೀನು ಹತ್ತನೇ ತರಗತಿ ಅಂದದ್ದು ಅವಳಿಗೆ ನಾಟಿದೆ. ಸರಿ ಮಾಡು ಅನ್ನುತ್ತಿಲ್ಲ. ಗೊತ್ತಿರಲಿ ಅಂತ ಹೇಳಿದೆ.

ನಿನ್ನ ಮಗ


ನವೆಂಬರ್ 10

ಅತ್ತೆಯವರಿಗೆ,

ಪತ್ರ ಬರೆಯಲು ತಡವಾಯಿತು. ಮಹಾಪ್ರಾಣಗಳನ್ನೆಲ್ಲ ನೋಡಿಕೊಂಡು ಬರೆಯುತ್ತಿದ್ದೇನೆ.

ನಿಮ್ಮ ಹತ್ತಿರ ಒಂದು ಕೆಲಸವಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ನಮ್ಮ ಶಾಲೆಯ ಸಮಾಚಾರ.

ಮೊದಲನೆಯ ವಾರ ನಾನು ಎಲ್ಲ ಶಾಲೆಯ ಹಾಗೆಯೇ ಮಾಡಿದೆ. ಗೋಡೆಗೆ ವೇಳಾಪಟ್ಟಿ ಅಂಟಿಸಿದೆ. ಇಸ್ತ್ರಿಪೆಟ್ಟಿಗೆಗೆ ಕತ್ತರಿಯಿಂದ ಹೊಡೆದು ಗಂಟೆ ಬಾರಿಸಿದೆ. ಇಬ್ಬರನ್ನೂ ಮನೆ ಮುಂದಿನ ಅಂಗಡಿಯಲ್ಲೇ ಕಟಿಂಗ್ ಟೇಬಲ್ಲಿನ ಮುಂದೆ ಸಾಲಾಗಿ ಕೂರಿಸಿದೆ. ಚಿನಕುರುಳಿ ತನ್ನನ್ನು ತಾನೇ ಮಾನಿಟರ್ ಮಾಡಿಕೊಂಡಳು. ಗಿರಾಕಿಯೊಬ್ಬರ ಜೊತೆ ಕಾಲರಿನ ವಿಚಾರ ಮಾತಾಡಿ ತಿರುಗಿ ನೋಡುತ್ತೇನೆ, ಹಲಗೆಯ ಮೇಲೆ ಬರೆದಿದ್ದಾಳೆ: 'ಮಾತಾಡಿದವರು: ಅಮ್ಮ.' ಮರುದಿನ ಅದರ ಕೆಳಗೆ 'ತುಂಬಾ ಮಾತಾಡಿದವರು' ಎಂದು ಇನ್ನೊಂದು ಸಾಲು. ಅದರಲ್ಲಿಯೂ ನಾನೇ.

ಗುಮ್ಮಣ್ಣ ಗಂಟೆ ಕೇಳಿದ ಕೂಡಲೇ ಟೇಬಲ್ಲಿನ ಕೆಳಗೆ ಹೋಗಿಬಿಡುತ್ತಿದ್ದ. ನಾನು ಎಳೆದು ತರುವುದು, ಅವನು ಮತ್ತೆ ಹೋಗುವುದು. ಒಂದು ದಿನ ಹೀಗೆ ಎಳೆದಾಡುತ್ತಿರುವಾಗ ಇಸ್ತ್ರಿಪೆಟ್ಟಿಗೆ ಒಂದು ಕೋಟಿನ ಮೇಲೆ ಕೂತಿತ್ತು. ಕೋಟಿನ ಬೆನ್ನಿಗೆ ಇಸ್ತ್ರಿಪೆಟ್ಟಿಗೆಯ ಭಾವಚಿತ್ರ ಬಂತು. ಆ ಹೊಗೆಯಲ್ಲಿ ಕೂತು ನಾನು ಅತ್ತೆ. (ಇಲ್ಲಿ 'ಅತ್ತೆ' ಎಂದರೆ ನೀವಲ್ಲ. ನಾನು ಅತ್ತದ್ದು.) ಅತ್ತೆಯವರು ಹೇಳಿದ್ದೇ ಸರಿ ಎಂದು ಅನ್ನಿಸಿತು. ಇಬ್ಬರೂ ಬಂದು ಎರಡು ಕಡೆ ಕೂತರು. "ಅಮ್ಮ, ನಿನಗೂ ಶಾಲೆ ಇಷ್ಟ ಇಲ್ವಾ?" ಎಂದು ಗುಮ್ಮಣ್ಣ ಕೇಳಿದ.

ಮರುದಿನ ವೇಳಾಪಟ್ಟಿ ಹರಿದೆ. ನಾನೂ ಟೇಬಲ್ಲಿನ ಕೆಳಗೆ ಹೋದೆ. ಅಲ್ಲಿ ಮೂವರಿಗೆ ಜಾಗ ಸಾಲದು, ನನ್ನ ಕಾಲು ಹೊರಗಿರುತ್ತದೆ. ಆದರೆ ಅಲ್ಲಿ ಅವನು ಓದುತ್ತಾನೆ. ಕಥೆಪುಸ್ತಕ ಓದುತ್ತಾನೆ, ಬಟ್ಟೆ ಸುತ್ತಿಬಂದ ಹಳೆಯ ಪತ್ರಿಕೆ ಓದುತ್ತಾನೆ. ಅವಳು ಮಧ್ಯೆ ಬಾಯಿ ಹಾಕಿದರೆ, "ನನ್ನ ಸಾಲು, ನಾನು ಓದ್ತೀನಿ" ಎನ್ನುತ್ತಾನೆ. ನನ್ನ ಕಾಲು ನೋಡಿ ಹೆದರಿದ ಗಿರಾಕಿಗಳು ಒಬ್ಬಿಬ್ಬರಿದ್ದಾರೆ. ಈಗ ಎಲ್ಲರಿಗೂ ರೂಢಿಯಾಗಿದೆ.

ಇನ್ನು ಕೆಲಸ. ಕಳೆಯುವ ಲೆಕ್ಕದಲ್ಲಿ ಕೆಟ್ಟು ನಿಂತಿದ್ದೇನೆ. ಮೂವತ್ತೆರಡರಲ್ಲಿ ಹದಿನೇಳು. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಒಂದು ಸಾಲ ತಗೋ ಎಂದೆ, ನಮಗೆ ಹೇಳಿಕೊಟ್ಟದ್ದು ಹಾಗೇ. "ಒಂದು ಸಾಲ ತಂದರೆ ಇಲ್ಲಿ ಬಂದು ಹತ್ತು ಹೇಗಾಯ್ತು?" ಎಂದು ಅವನು. "ವಾಪಸ್ ಕೊಡೋದು ಯಾವಾಗ?" ಎಂದು ಅವಳು. ಇಷ್ಟು ವರ್ಷ ನಾನು ಆ ಸಾಲ ತಂದೇ ಲೆಕ್ಕ ಮಾಡಿದ್ದೇನೆ, ಯಾಕೆಂದು ಒಂದು ದಿನವೂ ಕೇಳಿಲ್ಲ.

ಹತ್ತನೇ ತರಗತಿಯವಳು ಕೇಳುತ್ತಿದ್ದೇನೆ. ಹೇಗೆ ತೆರೆದು ತೋರಿಸುವುದು?

ನಿಮ್ಮ ಸೊಸೆ


ನವೆಂಬರ್ 18

ಪ್ರೀತಿಯ ಸೊಸೆಗೆ,

ಪತ್ರ ಓದಿ ಇಡೀ ದಿನ ತಳಮಳ. ಸಾಲ ಎಂದು ಹೇಳಿಕೊಟ್ಟವರನ್ನು ಹಿಡಿದು ಬೆಂಚಿನ ಮೇಲೆ ನಿಲ್ಲಿಸಬೇಕು. ಅದು ಸಾಲವಲ್ಲ ಕಣಮ್ಮ. ಬಿಡಿಸುವುದು.

ನಿನ್ನ ಅಂಗಡಿಯಲ್ಲಿ ಗುಂಡಿಗಳಿವೆಯಲ್ಲ. ಹತ್ತು ಗುಂಡಿಗಳನ್ನು ದಾರದಲ್ಲಿ ಪೋಣಿಸಿ ಒಂದು ಕಟ್ಟು ಮಾಡು. ಅಂಥ ಮೂರು ಕಟ್ಟು, ಎರಡು ಬಿಡಿ ಗುಂಡಿ ಮಕ್ಕಳ ಮುಂದಿಡು. ಗಿರಾಕಿಗೆ ಏಳು ಬಿಡಿ ಗುಂಡಿ ಬೇಕು ಎನ್ನು. ಎರಡೇ ಇದೆ, ಏನು ಮಾಡುತ್ತೀರಿ ಎಂದು ಕೇಳಿ, ಆಮೇಲೆ ನೀನು ಬಾಯಿ ಮುಚ್ಚಿಕೊಂಡು ಕೂತಿರು. ಇದು ಎಲ್ಲಕ್ಕಿಂತ ಕಷ್ಟದ ಭಾಗ, ತರಬೇತಿ ಎಂದರೆ ಇದೇ. ನೀನು ಹೇಳಬಾರದು. ಅವರಲ್ಲೊಬ್ಬರು ಒಂದು ಕಟ್ಟಿನ ದಾರ ಬಿಚ್ಚುತ್ತಾರೆ. ಬಿಚ್ಚಿದ ಕ್ಷಣ ಅವರ ಮುಖ ನೋಡು. ನಾನು ಆ ಕೆಲಸಕ್ಕೆ ಸೇರಿ ಬಿಡದೆ ಉಳಿದದ್ದು ಆ ಮುಖ ನೋಡುವುದಕ್ಕೇ.

ಟೇಬಲ್ಲಿನ ಕೆಳಗೆ ಹೋಗಿ ಕಲಿಸುವುದನ್ನು ನಾನು ಒಪ್ಪುವುದಿಲ್ಲ. ಬೆನ್ನು ಬಾಗುತ್ತದೆ, ಬೆಳಕು ಸಾಲದು. ಒಂದು ದೀಪವನ್ನಾದರೂ ಇಡು. ಕೆಳಗೆ ದಪ್ಪ ಬಟ್ಟೆ ಹಾಸು, ನೆಲ ತಣ್ಣಗಿರುತ್ತದೆ.

ಶಾಲೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಇದು ಗಣಿತದ ವಿಚಾರ, ಬೇರೆ.

ಇದರ ಜೊತೆ ಮಕ್ಕಳಿಗೆ ಬೇರೆ ಹಾಳೆ ಇಟ್ಟಿದ್ದೇನೆ. ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ. ಅದನ್ನು ಅವರೇ ಓದಿಕೊಳ್ಳಲಿ, ನೀನು ಓದಬೇಡ.

ನಿನ್ನ ಪತ್ರವನ್ನು ಈ ಸಲ ವಾಪಸು ಕಳಿಸುತ್ತಿಲ್ಲ. ತಿದ್ದುವುದು ಏನೂ ಸಿಗಲಿಲ್ಲ. 'ಅತ್ತೆ'ಗೆ ನಾನೂ ನಕ್ಕೆ.

ನಿನ್ನ ಅತ್ತೆ


ಜನವರಿ 20

ಅತ್ತೆಯವರಿಗೆ,

ಇಂದು ಶಿಕ್ಷಣ ಕಚೇರಿಯವರು ಬಂದಿದ್ದರು. ಅವರು ಹೋದ ಕೂಡಲೇ ಬರೆಯಲು ಕೂತಿದ್ದೇನೆ, ಅಕ್ಷರ ಹೇಗಿದ್ದರೂ ಓದಿಕೊಳ್ಳಿ.

ನಾಳೆ ಬರುತ್ತಾರೆಂದು ತಿಳಿದಿದ್ದೆ, ಇಂದೇ ಬಂದರು. ಅಂಗಡಿಯಲ್ಲಿ ಹಲ್ಲಿನ ಡಾಕ್ಟರು ಹೊಸ ಕೋಟಿನ ಟ್ರಯಲ್ ನೋಡುತ್ತಾ ನಿಂತಿದ್ದರು, ಒಂದು ತೋಳು ಇದೆ, ಇನ್ನೊಂದು ಇಲ್ಲ, ಮೈತುಂಬ ಗುಂಡುಸೂಜಿ. ಎತ್ತರದ ಒಬ್ಬ ಹೆಂಗಸು ಕೊಡೆ ಮಡಿಸುತ್ತಾ ಒಳಗೆ ಬಂದರು. ಯಾರೋ ಗಿರಾಕಿ ಎಂದುಕೊಂಡು, "ಸ್ವಲ್ಪ ಕೂತಿರಿ, ಇವರನ್ನ ಬಿಚ್ಚಿ ಬರ್ತೀನಿ" ಎಂದೆ. "ನಾನು ಶಿಕ್ಷಣ ಕಚೇರಿಯಿಂದ" ಎಂದರು. ನನ್ನ ಬಾಯಲ್ಲಿದ್ದ ಗುಂಡುಸೂಜಿ ನುಂಗದೆ ಉಳಿದದ್ದೇ ಪುಣ್ಯ.

ಡಾಕ್ಟರನ್ನು ಮರೆತೇಬಿಟ್ಟೆ. ದಿನವೂ ಬೇರೆಯವರಿಗೆ ಅಲ್ಲಾಡಬೇಡಿ ಎನ್ನುವವರು, ಆಮೇಲಿನ ಅಷ್ಟು ಹೊತ್ತೂ ತಾವು ಅಲ್ಲಾಡದೆ ನಿಂತಿದ್ದರು.

ಚಿನಕುರುಳಿ ಓದಿದಳು, ಬರೆದಳು, ಗುಂಡಿಯ ಕಟ್ಟು ಬಿಚ್ಚಿ ಕಳೆಯುವುದನ್ನು ಅಧಿಕಾರಿಗೇ ಹೇಳಿಕೊಟ್ಟಳು. ಅವರು ಎರಡು ಸಲ ಉತ್ತರ ತಪ್ಪು ಹೇಳಿದರು. ಬೇಕೆಂದೇ ಹೇಳಿದರೋ ಏನೋ, ಇವಳು ತಾಳ್ಮೆಯಿಂದ ತಿದ್ದಿದಳು. ಆಮೇಲೆ ಅವರು, "ನಿನ್ನ ತಮ್ಮ ಎಲ್ಲಿ?" ಎಂದರು.

ಅವನು ಕೊಡೆ ಕಂಡ ಕೂಡಲೇ ಟೇಬಲ್ಲಿನ ಕೆಳಗೆ ಸೇರಿದ್ದ. ನಾನು ಬಗ್ಗಿ ಕರೆದೆ. ಬರಲಿಲ್ಲ. "ಪರವಾಗಿಲ್ಲ" ಎಂದು ಅವರು ಹೇಳಿದರು, ಆದರೆ ಪೆನ್ನು ಕೈಯಲ್ಲೇ ಇತ್ತು. "ಆದರೆ ನಾನು ಅವನು ಓದೋದನ್ನ ಕೇಳಲೇಬೇಕಲ್ಲಮ್ಮ. ಕೇಳದೆ ಏನಂತ ಬರೀಲಿ?" ಆಗ ನೋಡಿದೆ, ಚಿನಕುರುಳಿ ಬಾಯಿ ತೆರೆದಿದ್ದಳು. 'ಅವನಿಗೆ ಬರುತ್ತೆ, ನಾನು ಹೇಳ್ತೀನಿ' ಎನ್ನುವುದಕ್ಕೆ ತೆರೆದ ಬಾಯಿ, ನನಗೆ ಗೊತ್ತು. ಆದರೆ ಅವಳು ಎರಡೂ ಕೈಯಿಂದ ತನ್ನ ಬಾಯಿ ಮುಚ್ಚಿಕೊಂಡಳು, ಅತ್ತೆ. ಗಟ್ಟಿಯಾಗಿ. ಕಣ್ಣಲ್ಲಿ ನೀರು ಬರುವಷ್ಟು. ನಾನು ಹೇಳಿಕೊಟ್ಟದ್ದಲ್ಲ.

ಅಧಿಕಾರಿ ತಮ್ಮ ಕೊಡೆ, ಚೀಲ ಎಲ್ಲ ಕುರ್ಚಿಯ ಮೇಲಿಟ್ಟು, ಬಟ್ಟೆಯ ಚೂರುಗಳ ನಡುವೆ ನೆಲದ ಮೇಲೆ ಕೂತರು. ಟೇಬಲ್ಲಿಗೆ ಬೆನ್ನು ಕೊಟ್ಟು ಕೂತರು, ಅವನ ಮುಖ ನೋಡಲೇ ಇಲ್ಲ. ಬಹಳ ಹೊತ್ತಾದ ಮೇಲೆ ಕೆಳಗಿನಿಂದ ಕಾಗದದ ಸದ್ದು ಬಂತು. ಆಮೇಲೆ ಧ್ವನಿ ಬಂತು. ಸಣ್ಣದು, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ.

"ನನ್ನ ಮುದ್ದು ಮಕ್ಕಳೇ. ನಿಮ್ಮಮ್ಮನಿಗೆ ಬೇಗ ಸಿಟ್ಟು ಬರುತ್ತದೆ. ನನಗೂ ಹಾಗೆಯೇ. ಸಿಟ್ಟು ಬಂದಾಗ ಅವಳಿಗೆ ಒಂದು ಲೋಟ ನೀರು ಕೊಡಿ. ಕುಡಿಯುವಾಗ ಯಾರಿಗೂ ಬೈಯಲು ಆಗುವುದಿಲ್ಲ. ನಿಮ್ಮಮ್ಮ ಒಳ್ಳೆಯ ಟೀಚರ್ ಆಗುತ್ತಾಳೆ. ಇದನ್ನು ಅವಳಿಗೆ ಹೇಳಬೇಡಿ."

ನೀವು ಮಕ್ಕಳಿಗೆ ಕಳಿಸಿದ ಹಾಳೆ. ನಾನು ಇವತ್ತಿನವರೆಗೂ ಓದಿರಲಿಲ್ಲ, ನಿಮ್ಮಾಣೆ.

ಅಧಿಕಾರಿ ನಕ್ಕರು. ಹಲ್ಲಿನ ಡಾಕ್ಟರೂ ನಕ್ಕು, ಸೂಜಿ ಚುಚ್ಚಿಸಿಕೊಂಡು, ಮತ್ತೂ ನಕ್ಕರು. ನಾನು ಮಾತ್ರ ಒಳಗೆ ಹೋಗಿ ಒಂದು ಲೋಟ ನೀರು ಕುಡಿದು ಬಂದೆ. ಅವರು ಹೋಗುವಾಗ, "ಮುಂದುವರಿಸಿ. ಆ ಅಜ್ಜಿಗೂ ನನ್ನ ನಮಸ್ಕಾರ ತಿಳಿಸಿ" ಎಂದರು. ತಿಳಿಸಿದ್ದೇನೆ.

ನಿಮ್ಮ ಸೊಸೆ


ಜನವರಿ 28

ಪ್ರೀತಿಯ ಸೊಸೆಗೆ,

ನಿನ್ನ ಪತ್ರವನ್ನು ಪಕ್ಕದ ಮನೆಯವರಿಗೆ ಓದಿ ಹೇಳಿದೆ. ಅವರು ತಮ್ಮ ಮನೆಗೆ ಬಂದವರಿಗೆಲ್ಲ ಹೇಳಿದ್ದಾರೆ. ಹಾಗಾಗಿ ನಿನ್ನೆ ತರಕಾರಿ ಕೊಳ್ಳುವಾಗ, ನನಗೆ ಪರಿಚಯವೇ ಇಲ್ಲದ ಒಬ್ಬರು, "ನಿಮ್ಮ ಮೊಮ್ಮಗ ಓದಿದನಂತೆ?" ಎಂದು ವಿಚಾರಿಸಿದರು. ಹೂಂ ಎಂದೆ. ಕೊಳ್ಳಬೇಕಾದ್ದನ್ನು ಮರೆತು ಬಂದೆ.

ಬೇಡವೆಂದ ಮಾತನ್ನು ಅಧಿಕಾರಿಯ ಮುಂದೆ ಓದಿ ಹೇಳಿದ ಹುಡುಗನನ್ನು ನಾನು ಬಂದಾಗ ವಿಚಾರಿಸಿಕೊಳ್ಳುತ್ತೇನೆ. ಹೇಳಬೇಡಿ ಎಂದಿದ್ದೆ, ಓದಬೇಡಿ ಎಂದಿರಲಿಲ್ಲ. ಅವನ ತಪ್ಪೇನೂ ಇಲ್ಲ.

ಆ ಅಧಿಕಾರಿ ಬೆನ್ನು ಕೊಟ್ಟು ಕೂತದ್ದು ನನಗೆ ಬಹಳ ಹಿಡಿಸಿತು. ನನಗೆ ಅದು ಹೊಳೆಯುತ್ತಿರಲಿಲ್ಲ. ನಾನಾದರೆ ಬಗ್ಗಿ ಟೇಬಲ್ಲಿನ ಕೆಳಗೆ ಇಣುಕುತ್ತಿದ್ದೆ.

ನಿನ್ನ ಅತ್ತೆ


ಏಪ್ರಿಲ್ 12

ಅತ್ತೆಯವರಿಗೆ,

ಒಂದು ಮಾತು ಬಂದಿದೆ. ಯಾರ ಹತ್ತಿರ ಹೇಳುವುದು ಎಂದು ಯೋಚಿಸಿದರೆ ನೀವೇ ನೆನಪಾದಿರಿ. ಹೋದ ಸೆಪ್ಟೆಂಬರಿನಲ್ಲಿ ಯಾರಾದರೂ ಹೀಗೆಂದಿದ್ದರೆ ನಾನು ನಗುತ್ತಿದ್ದೆ.

ಮೊನ್ನೆ ಸಂಜೆ ಒಂದು ಅಂಗಿಯ ಗುಂಡಿಗಳಿಗೆ ಕಾಜಾ ಹೊಲಿಯುತ್ತಿದ್ದೆ. ಚಿನಕುರುಳಿ ಬಂದು ಪಕ್ಕದಲ್ಲಿ ನಿಂತಳು. ಬೇಕಾದ್ದನ್ನು ಕೇಳಲು ಅವಳು ಎಂದೂ ನಿಲ್ಲುವುದಿಲ್ಲ, ಓಡುತ್ತಾ ಬಂದು ಕೇಳುತ್ತಾಳೆ. ಏನು ಎಂದೆ.

"ಅಮ್ಮ, ಈಗ ಅವನು ತಾನೇ ಮಾತಾಡ್ತಾನಲ್ಲ."

"ಹೌದು."

"ಅಂಗಡಿಗೆ ಬರೋರ ಹತ್ರಾನೂ ಆಡ್ತಾನೆ, ಒಂದೊಂದ್ಸಲ."

"ಹೌದು, ಅದಕ್ಕೇನೀಗ?"

"ಹಾಗಾದ್ರೆ ಈಗ ನಾನು ಶಾಲೆಗೆ ಹೋಗಬಹುದಾ?"

ನನ್ನ ಸೂಜಿ ಅಲ್ಲೇ ನಿಂತಿತು. ಅವಳಿಗೆ ಶಾಲೆ ಯಾವಾಗಲೂ ಇಷ್ಟವಿತ್ತಂತೆ. ಬೇರೆ ಕೋಣೆಗೆ ಹಾಕಿದ ಮೇಲೆ ಅವಳಿಗೆ ದಿನವೂ ಹೊಟ್ಟೆನೋವು ಬರುತ್ತಿತ್ತು, ಅದು ಶಾಲೆಗಲ್ಲ, ಪಕ್ಕದ ಕೋಣೆಯಲ್ಲಿ ಅವನು ಏನು ಮಾಡುತ್ತಿದ್ದಾನೋ ಎಂದು. ಇಬ್ಬರನ್ನೂ ಬಿಡಿಸುತ್ತೇನೆ ಎಂದಾಗ ಅವಳು ಕುಣಿದಿದ್ದಳು, ಅದೂ ಅವನಿಗಾಗಿ. ಈಗ ಅವಳಿಗೆ ಹಗ್ಗದಾಟಕ್ಕೆ ಗೆಳತಿಯರು ಬೇಕು, ಸಾಲಿನಲ್ಲಿ ನಿಂತು ಹಾಡಬೇಕು. ಚಿನಕುರುಳಿಗೆ ಗೆಳತಿಯರು ಬೇಡವೇ ಎಂದು ನೀವು ಮೊದಲ ಪತ್ರದಲ್ಲೇ ಕೇಳಿದ್ದಿರಿ. ನಾನು ಆಗ ಹತ್ತನೇ ತರಗತಿಯ ಸಾಲಿನಲ್ಲೇ ಸಿಕ್ಕಿಕೊಂಡು ಆ ಸಾಲನ್ನು ಓದಲೇ ಇಲ್ಲ.

ಕಳಿಸುತ್ತೇನೆ, ಬೇಡವೆನ್ನುವುದಿಲ್ಲ. ಆದರೆ ನಾನೇನು ಕಡಿಮೆ ಮಾಡಿದೆ ಎಂದು ಒಳಗೊಳಗೇ ಚುಚ್ಚುತ್ತಿದೆ. ನಿಮ್ಮ ಮಗನಿಗೆ ಹೇಳಿದರೆ, "ನೀನೇನೂ ಕಡಿಮೆ ಮಾಡಿಲ್ಲ ಬಿಡು" ಎಂದು ಹೇಳಿ ನಿದ್ದೆ ಹೋದರು.

ನಿಮ್ಮ ಸೊಸೆ


ಏಪ್ರಿಲ್ 19

ಪ್ರೀತಿಯ ಸೊಸೆಗೆ,

ಓದಿದ ಕೂಡಲೇ ನನಗೆ ಬಂದ ಮೊದಲ ಯೋಚನೆ ಹೇಳಲೇ? 'ಯಾಕೆ ಕಳಿಸಬೇಕು, ಮನೆಯಲ್ಲಿ ಎಷ್ಟು ಚೆನ್ನಾಗಿ ಕಲಿಯುತ್ತಿದ್ದಾಳೆ' ಎಂದು. ಯೋಚಿಸಿದವಳು ನಾನೇನಾ ಎಂದು ಕನ್ನಡಿ ನೋಡಿಕೊಂಡು ಬಂದೆ.

ಕಳಿಸು. ನಗುತ್ತಾ ಕಳಿಸು.

ನೀನು ಕಡಿಮೆ ಮಾಡಿದ್ದರೆ ಅವಳು ನಿನ್ನ ಸೆರಗು ಹಿಡಿದುಕೊಂಡೇ ಇರುತ್ತಿದ್ದಳು. ಪ್ರತಿ ವರ್ಷವೂ ನನ್ನ ಮಕ್ಕಳೆಲ್ಲ ನನ್ನ ಕೋಣೆಯ ಬಾಗಿಲು ದಾಟಿ ಮುಂದಿನ ತರಗತಿಗೆ ಹೋಗುತ್ತಿದ್ದರು. ನಾನು ಹಲಗೆ ಒರೆಸುವ ನೆಪದಲ್ಲಿ ನಿಂತು ನೋಡುತ್ತಿದ್ದೆ. ಕೆಲವರು ತಿರುಗಿ ನೋಡುತ್ತಿದ್ದರು, ಕೆಲವರು ಇಲ್ಲ. ತಿರುಗಿ ನೋಡದೆ ಓಡಿದವರೇ ಚೆನ್ನಾಗಿ ಕಲಿತವರು ಎಂದು ನನಗೆ ಸಮಾಧಾನ ಹೇಳಿಕೊಳ್ಳುತ್ತಿದ್ದೆ. ಆದರೂ ಪ್ರತಿ ವರ್ಷ ಚುಚ್ಚುತ್ತಿತ್ತು. ಅದು ಈ ಕೆಲಸದಲ್ಲಿ ಇರುವಂಥದ್ದೇ. ನಿನಗೂ ಈಗ ಚುಚ್ಚಿತು. ಹಾಗಾದರೆ ನೀನೂ ಟೀಚರೇ. ಬೇರೆ ತರಬೇತಿ ಬೇಡ.

ಗುಮ್ಮಣ್ಣನಿಗೆ ಶಾಲೆ ಬೇಕೆಂದು ಅನಿಸಿದಾಗ ಅವನೂ ಬಂದು ಪಕ್ಕದಲ್ಲಿ ನಿಲ್ಲುತ್ತಾನೆ. ಅನಿಸದಿದ್ದರೆ ಟೇಬಲ್ಲು ಹೇಗೂ ಇದೆ. ಅಕ್ಕ ಹೋದ ಮೇಲೆ ಅವನಿಗೆ ಬಿಕೋ ಎನ್ನುತ್ತದೆ. ಒಂದಷ್ಟು ದಿನ ನನ್ನ ಹತ್ತಿರ ಕಳಿಸು. ಅವನ ಅಪ್ಪ ರೈಲಿನಲ್ಲಿ ಕರೆತರಲಿ. ಗಾರ್ಡು ತಾಯಿಯ ಮನೆಗೆ ಬಂದು ಎಷ್ಟು ದಿನವಾಯಿತು ಎಂದೂ ಕೇಳು.

ನಿನ್ನ ಅತ್ತೆ


ಜೂನ್ 15

ಅತ್ತೆಯವರಿಗೆ,

ಗುಮ್ಮಣ್ಣ ಈ ಹೊತ್ತಿಗೆ ನಿಮ್ಮ ಮನೆಯಲ್ಲಿರುತ್ತಾನೆ. ರೈಲಿನಲ್ಲಿ ಕಿಟಕಿಯ ಪಕ್ಕ ಕೂತು, ಅಪ್ಪ ಬೇರೆ ಗಾರ್ಡಿನ ಸೀಟಿ ಸರಿಯಿಲ್ಲ ಎಂದು ಬೈಯುವುದನ್ನು ಕೇಳಿಕೊಂಡು ಬಂದಿರುತ್ತಾನೆ.

ಚಿನಕುರುಳಿ ಇಂದು ಶಾಲೆಗೆ ಹೋದಳು. ಹಳೆಯ ಯೂನಿಫಾರಮ್ಮಿನ ಮಡಿಕೆಯನ್ನೆಲ್ಲ ಬಿಚ್ಚಿ ಇಳಿಸಿದರೂ ಮಂಡಿ ಮುಚ್ಚಲಿಲ್ಲ, ಹೊಸದೇ ಹೊಲಿದೆ. ಗೇಟಿನ ತನಕ ನನ್ನ ಕೈ ಹಿಡಿದಿದ್ದಳು. ಆಮೇಲೆ ಯಾರೋ ಗೆಳತಿಯನ್ನು ಕಂಡು, ಕೈ ಬಿಟ್ಟು, ಓಡಿದಳು.

ತಿರುಗಿ ನೋಡಲಿಲ್ಲ. ನೀವು ಹೇಳಿದ್ದು ನೆನಪಾಗಿ, ಗೇಟಿನಲ್ಲಿ ನಿಂತು ಒಬ್ಬಳೇ ನಕ್ಕೆ. ಕಾವಲುಗಾರ ವಿಚಿತ್ರವಾಗಿ ನೋಡಿದ.

ಈಗ ಅಂಗಡಿಯಲ್ಲಿ ಮಿಷನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವನು ಹೇಗಿದ್ದಾನೆ? ಅಲ್ಲಿ ಯಾರ ಹತ್ತಿರವಾದರೂ ಮಾತಾಡಿದನೇ? ಒತ್ತಾಯ ಮಾಡಬೇಡಿ. ಮಾಡುವುದಿಲ್ಲ ಎಂದು ಗೊತ್ತು.

ನಿಮ್ಮ ಸೊಸೆ


ಜೂನ್ 27

ಪ್ರೀತಿಯ ಸೊಸೆಗೆ,

ಮಗು ಚೆನ್ನಾಗಿದ್ದಾನೆ, ಊಟ ಚೆನ್ನಾಗಿ ಮಾಡುತ್ತಾನೆ. ಬಂದ ಮೊದಲ ದಿನಗಳಲ್ಲಿ ನನ್ನ ಜೊತೆ ಮಾತ್ರ ಮಾತು. ಪಕ್ಕದ ಮನೆಯವರು ಬಂದರೆ ನನ್ನ ಬೆನ್ನ ಹಿಂದೆ. ನಾನು ಏನೂ ಅನ್ನಲಿಲ್ಲ. ಆ ಅಧಿಕಾರಿಯ ಹಾಗೆ ಬೆನ್ನು ಕೊಟ್ಟೇ ಇದ್ದೆ.

ಹೋದ ವಾರ ನನಗೆ ನೆಗಡಿಯಾಗಿ ಗಂಟಲು ಕಟ್ಟಿತು. ಧ್ವನಿಯೇ ಹೊರಡದು. ಜೀವಮಾನವಿಡೀ ಗಟ್ಟಿಯಾಗಿ ಮಾತಾಡಿದವಳು, ನೀರು ಬೇಕಾದರೂ ಸನ್ನೆ ಮಾಡುವ ಹಾಗಾಯಿತು. ಇಬ್ಬರೂ ಔಷಧಿ ಅಂಗಡಿಗೆ ಹೋದೆವು. ಅಂಗಡಿಯವರು ಏನು ಬೇಕು ಎಂದರು. ನಾನು ಬಾಯಿ ತೆರೆದೆ, ಬರೀ ಗಾಳಿ ಬಂತು. ಅವರು ಮತ್ತೆ ಕೇಳಿದರು. ಆಗ ನನ್ನ ಮೊಣಕೈಯ ಹತ್ತಿರದಿಂದ ಒಂದು ಧ್ವನಿ: "ನಮ್ಮಜ್ಜಿಗೆ ಗಂಟಲು ಕಟ್ಟಿದೆ. ಮಾತಾಡೋಕೆ ಆಗ್ತಿಲ್ಲ. ನೀವು ಜೋರು ಮಾಡಬೇಡಿ, ನಾನು ಹೇಳ್ತೀನಿ."

ಹೇಳಿದ. ಕೆಮ್ಮು ಇದೆಯಾ, ಜ್ವರ ಇದೆಯಾ, ಎಲ್ಲಕ್ಕೂ ಅವನೇ ಉತ್ತರ. ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೆಯೋ ಎಂದೂ ತಾನೇ ಕೇಳಿದ. ನಾನು ಪಕ್ಕದಲ್ಲಿ ತಲೆಯಾಡಿಸುತ್ತಾ ನಿಂತಿದ್ದೆ. ಬೀದಿಗೆ ಬಂದ ಮೇಲೆ ನನ್ನ ಕೈ ಹಿಡಿದು, "ಹೆದರಬೇಡಜ್ಜಿ, ಸರಿಹೋಗುತ್ತೆ" ಎಂದ.

ಆವತ್ತಿನಿಂದ ಹಾಲಿನವರ ಹತ್ತಿರ, ಅಂಚೆಯವರ ಹತ್ತಿರ, ಪಕ್ಕದ ಮನೆಯವರ ಹತ್ತಿರ, ಎಲ್ಲೆಡೆ ನನ್ನ ಪರವಾಗಿ ಅವನದೇ ಮಾತು. ನಾನು ಹೇಳಲು ಬಯಸಿದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೇಳುತ್ತಾನೆ.

ಈ ವಾರ ಅವನನ್ನು ಕಳಿಸುವುದಿಲ್ಲ. ಮುಂದಿನ ವಾರವೂ ಗೊತ್ತಿಲ್ಲ. ಬೇಕಿದ್ದರೆ ಶನಿವಾರ ಚಿನಕುರುಳಿಯನ್ನು ಕರೆದುಕೊಂಡು ನೀನೇ ಬಾ. ಕತ್ತರಿ, ಟೇಪು ಏನೂ ತರಬೇಡ. ಈ ಮನೆಗೆ ಬಂದಾಗಲೆಲ್ಲ ನೀನು ಏನಾದರೊಂದು ಹೊಲಿದುಕೊಟ್ಟೇ ಹೋಗಿದ್ದೀಯ. ಈ ಸಲ ಸುಮ್ಮನೆ ಕೂತಿರು, ನಾನು ಬಡಿಸುತ್ತೇನೆ.

ಬಂದ ಮೇಲೆ ಒಂದು ಎಚ್ಚರಿಕೆ. ನನ್ನ ಜೊತೆ ಮಾತಾಡುವುದಿದ್ದರೆ ಅವನು ಮಲಗಿದ ಮೇಲೆ, ಅಡುಗೆಮನೆಯಲ್ಲಿ, ಪಿಸುಮಾತಿನಲ್ಲಿ ಆಡು. ನನ್ನ ಗಂಟಲು ಮೂರು ದಿನದ ಹಿಂದೆಯೇ ಸರಿಹೋಗಿದೆ. ಅವನಿಗೆ ಇನ್ನೂ ಹೇಳಿಲ್ಲ.

ನಿನ್ನ ಅತ್ತೆ